ಬಿಷಪ್ಪನ ಕೊರಳ ಹಗ್ಗ

ದಿಂಗ್ಲಿ, ಮಾಲ್ಟಾ
19 ಜನವರಿ 1972, ಬುಧವಾರ

ಪ್ರೀತಿಯ ಸಿನ್ಯೂರ್ ಹ್ಯೂ ಅವರಿಗೆ,

ದಿಂಗ್ಲಿಯಿಂದ ಜುದಿತ್ತಾ ಮಾಡುವ ನಮಸ್ಕಾರ. ದೇವಮಾತೆಯ ದಯೆಯಿಂದ ನಾವೆಲ್ಲ ಇಲ್ಲಿ ಕ್ಷೇಮ. ನಿಮ್ಮ ಮೊಣಕಾಲಿನ ನೋವಿಗೆ ಈ ಚಳಿಗಾಲದಲ್ಲಾದರೂ ಸ್ವಲ್ಪ ಬಿಡುವು ಸಿಗಲಿ ಅಂತ ಜಪಸರದ ಕೊನೆಯ ಮಣಿಯನ್ನು ದಿನಾ ನಿಮ್ಮ ಹೆಸರಿಗೆ ಹೇಳುತ್ತಿದ್ದೇನೆ.

ಯುದ್ಧ ಮುಗಿದ ವರ್ಷದಿಂದ ಒಂದು ಕ್ರಿಸ್‌ಮಸ್ಸೂ ತಪ್ಪದೆ ನಿಮ್ಮ ಕಾರ್ಡು ಬರುತ್ತದೆ. ಅದರಲ್ಲಿ ಯಾವತ್ತೂ ಎರಡೇ ಸಾಲು. ನಾವು ಕ್ಷೇಮ, ಬಿಷಪ್ಪನ ಮೊಮ್ಮಕ್ಕಳು ಹೇಗಿದ್ದಾರೆ? ನಾನೂ ಎರಡೇ ಸಾಲು ಬರೆದು ಹಾಕುತ್ತೇನೆ. ಈ ಸಲ ಕಾರ್ಡು ಬಿಚ್ಚಿದರೆ ಒಳಗಿಂದ ನಾಲ್ಕು ಹಾಳೆ ಬಿದ್ದವು. ಒಲೆಯ ಮುಂದೆ ನಿಂತುಕೊಂಡೇ ಓದಿದೆ. ಸಾರು ಉಕ್ಕಿ ಒಲೆ ಆರಿದ್ದು ನನಗೆ ಗೊತ್ತಾಗಲಿಲ್ಲ. ನನ್ನ ಗಂಡ ವಿಸ್ತಿನ್ ಬಂದು, "ಏನೇ, ಯಾರು ಹೋದ್ರು?" ಅಂತ ಕೇಳಿದರು. ಯಾರೂ ಇಲ್ಲ ಅಂದೆ.

ಮೇ ತಿಂಗಳಲ್ಲಿ ನಿಮ್ಮ ವಿಮಾನದಳದಲ್ಲಿ ಉಳಿದವರೆಲ್ಲ ಇಲ್ಲಿಗೆ ಬರುತ್ತಾರೆ, ವಿಮಾನದ ಬಯಲಿನ ಪಕ್ಕದ ಚಿಕ್ಕ ಇಗರ್ಜಿಯ ಗೋಡೆಗೆ ನಿಮ್ಮ ಜೊತೆಗಾರ ಕೀತ್ ಹೆಸರು ಕೆತ್ತಿದ ಕಲ್ಲು ಕೂರಿಸುತ್ತಾರೆ, ಆದರೆ ನೀವು ಬರುವುದಿಲ್ಲ ಅಂತ ಬರೆದಿದ್ದೀರಿ. ಆ ಕಲ್ಲಿನ ಮುಂದೆ ನಿಲ್ಲುವ ಯೋಗ್ಯತೆ ನಿಮಗಿಲ್ಲವಂತೆ. ಅವನು ಹೋದ ದಿನದ ಹಿಂದಿನ ಸಂಜೆ ನಮ್ಮ ಆಡು ಬಿಷಪ್ಪನನ್ನು ಕಟ್ಟುವ ಸರದಿ ನಿಮ್ಮದಾಗಿತ್ತು, ಇಸ್ಪೀಟಾಟಕ್ಕೆ ಕರೆಯುತ್ತಿದ್ದರು ಅಂತ ಅವಸರದಲ್ಲಿ ಗಂಟು ಹಾಕಿ ಓಡಿದಿರಿ, ಗಂಟು ಸಡಿಲವಾಗಿ ಬಿಷಪ್ಪ ತಪ್ಪಿಸಿಕೊಂಡ, ಬೆಳಿಗ್ಗೆ ಕೀತ್ ಅದರ ಕೊಂಬು ಮುಟ್ಟದೆ ವಿಮಾನ ಹತ್ತಿದ, ತಿರುಗಿ ಬರಲಿಲ್ಲ. "ಅವನು ಓಡುತ್ತಾ ಬಂದು ಬರಿಯ ಕಂಬದ ಹತ್ತಿರ ಒಂದು ಗಳಿಗೆ ನಿಂತ, ಗಾಳಿಯಲ್ಲಿ ಕೈಯಾಡಿಸಿ ನಕ್ಕ, ಆಮೇಲೆ ಓಡಿದ. ಆ ನಗು ನನ್ನನ್ನು ಮೂವತ್ತು ವರ್ಷ ಮಲಗಲು ಬಿಟ್ಟಿಲ್ಲ" ಅಂತ ಬರೆದಿದ್ದೀರಿ.

ಇಷ್ಟು ದಿನ ಉತ್ತರ ಬರೆಯದೆ ಕುಳಿತದ್ದಕ್ಕೆ ಕ್ಷಮಿಸಿ. ಮಗಳು ಕಾರ್ಮೆನ್ ಶಾಲೆಯ ಟೀಚರು, ಅವಳ ಅಕ್ಷರ ಮುತ್ತಿನಂತಿದೆ. "ಅಮ್ಮಾ, ನೀ ಹೇಳು, ನಾ ಬರೀತೀನಿ" ಅಂದಳು. ಬೇಡ ಅಂದೆ. ನಾನು ಓದಿದ್ದು ಹಳ್ಳಿಯ ಕನ್ಯಾಸ್ತ್ರೀಯರ ಹತ್ತಿರ ಐದು ವರ್ಷ, ಆಮೇಲೆ ವಿಮಾನದ ಬಯಲಿನ ನಿಮ್ಮ ಚಹಾದ ಗುಡಿಸಲಿನಲ್ಲಿ ಮೂರು ವರ್ಷ. ನನ್ನ ಬರವಣಿಗೆ ನಿಮಗೆ ಹೊಸದಲ್ಲವಲ್ಲ. ತಪ್ಪಿದ್ದರೆ ಹೊಟ್ಟೆಗೆ ಹಾಕಿಕೊಳ್ಳಿ.

ಸುತ್ತಿ ಬಳಸಿ ಹೇಳಲು ನನಗೆ ಬರುವುದಿಲ್ಲ. ನಿಮ್ಮ ಗಂಟು ಸಡಿಲವಾಗಿರಲಿಲ್ಲ ಸಿನ್ಯೂರ್ ಹ್ಯೂ. ಬಿಷಪ್ಪ ತಪ್ಪಿಸಿಕೊಳ್ಳಲಿಲ್ಲ. ಅವತ್ತು ಬೆಳಕು ಹರಿಯುವ ಮೊದಲು ಅದನ್ನು ಕರೆದುಕೊಂಡು ಹೋದವಳು ನಾನು.

ಈಗ ಬರೆದಾಯಿತು. ಎದ್ದು ಹೋಗಿ ಒಂದು ಲೋಟ ನೀರು ಕುಡಿದು ಬಂದೆ. ಉಳಿದದ್ದನ್ನು ಮೊದಲಿನಿಂದ ಹೇಳುತ್ತೇನೆ.

ಬಿಷಪ್ಪ ಬಂದ ದಿನ ನಿಮಗೆ ನೆನಪಿದೆಯೇ? 1941ರ ಅಕ್ಟೋಬರ್, ಮೊದಲ ಮಳೆ ಬಿದ್ದ ವಾರ. ಮನೆಮನೆಯ ಬಾಗಿಲಲ್ಲಿ ನಿಂತು ಹಾಲು ಕರೆದು ಕೊಡುತ್ತಿದ್ದ ಆಡಿನ ಜಾನ್ನಿ, ಬಯಲಿನ ಬೇಲಿಯ ಪಕ್ಕ ತನ್ನ ಹಿಂಡು ಹೊಡೆದುಕೊಂಡು ಹೋಗುತ್ತಿದ್ದ. ನೀವು ಐದು ಜನ ಕುರ್ಚಿ ಹಾಕಿಕೊಂಡು ಸೈರನ್ನಿಗೆ ಕಾಯುತ್ತಾ ಕುಳಿತಿದ್ದಿರಿ. ಹಿಂಡಿನಿಂದ ಒಂದು ಬಿಳಿ ಆಡು ಬೇಲಿ ಹಾರಿ ಬಂದು ನಿಮ್ಮ ಕ್ಯಾಪ್ಟನ್ನನ ಟೋಪಿಯ ಅಂಚನ್ನು ಅಗಿಯುತ್ತಾ ನಿಂತಿತು. ಗದರಿಸಿದರೂ ಕದಲಲಿಲ್ಲ. ಗಲ್ಲದ ಕೆಳಗೆ ಉದ್ದ ಗಡ್ಡ, ಅರ್ಧ ಮುಚ್ಚಿದ ಕಣ್ಣು. "ಥೇಟ್ ನಮ್ಮೂರ ಬಿಷಪ್ ಇದ್ದ ಹಾಗೇ ಇದಾನಪ್ಪಾ, ದಾನದ ಪೆಟ್ಟಿಗೆ ಮುಂದೆ ನಿಂತಾಗ" ಅಂತ ನೀವೇ ಅಂದಿದ್ದು. ಎಲ್ಲರೂ ಬಿದ್ದು ಬಿದ್ದು ನಕ್ಕರು. ನಾನು ಚಹಾದ ಕೆಟಲು ಕೆಳಗಿಟ್ಟು ಶಿಲುಬೆಯ ಗುರುತು ಮಾಡಿಕೊಂಡೆ. ಅದನ್ನು ನೋಡಿ ನೀವು ಇನ್ನೂ ನಕ್ಕಿರಿ. ಜಾನ್ನಿ ಎಂಥ ಆಸಾಮಿ! "ಹೋತ ಸ್ವಾಮಿ, ಒಳ್ಳೇ ಜಾತಿ ಹೋತ, ನಿಮಗೆ ಅದೃಷ್ಟ ತರ್ತದೆ" ಅಂತ ಹೇಳಿ ಎರಡು ಟಿನ್ ಸಿಗರೇಟು ಈಸಿಕೊಂಡು ಹೋದ.

ಆ ವಾರ ನಿಮ್ಮಲ್ಲಿ ಒಬ್ಬರಿಗೂ ಗೀರು ಗಾಯವಾಗಲಿಲ್ಲ. ಅಲ್ಲಿಗೆ ಬಿಷಪ್ಪನ ಮಹಿಮೆ ನಿಂತುಬಿಟ್ಟಿತು. ಡೇರೆಯ ಪಕ್ಕ ಕಂಬ ನೆಟ್ಟು ಕಟ್ಟಿದಿರಿ. ಸೈರನ್ ಕೂಗಿದರೆ ಸಾಕು, ವಿಮಾನದ ಕಡೆ ಓಡುವ ದಾರಿಯಲ್ಲಿ ಒಬ್ಬೊಬ್ಬರೂ ಎಡಗೊಂಬು ಮುಟ್ಟಿ ಓಡುತ್ತಿದ್ದಿರಿ. ಬಲಗೊಂಬು ಮುಟ್ಟಿದವನು ತಿರುಗಿ ಬಂದು ಎಡಗೊಂಬು ಮುಟ್ಟಿಯೇ ಹೋಗಬೇಕು. ನನಗೆ ಮೈ ಉರಿಯುತ್ತಿತ್ತು. ನಿಮ್ಮ ಕೊರಳಿಗೆ ಹಾಕಿಕೊಳ್ಳಿ ಅಂತ ನಾನು ತಂದುಕೊಟ್ಟ ದೇವಮಾತೆಯ ಪದಕಗಳನ್ನು ಜೇಬಿಗೆ ಹಾಕಿಕೊಂಡು ಮರೆತಿರಿ, ಆಡಿನ ಕೊಂಬು ಮರೆಯಲಿಲ್ಲ. ಒಂದು ದಿನ ಕೇಳಿಯೇಬಿಟ್ಟೆ, ಇದೆಂಥ ಅನಾಚಾರ ಅಂತ. "ಜೂಡಿ, ನಿಮ್ಮ ಸಂತರಿಗೆ ಇಂಗ್ಲಿಷ್ ಬರಲ್ಲ, ಬಿಷಪ್ಪಂಗೆ ಬರುತ್ತೆ" ಅಂದಿರಿ. ನಿಮ್ಮ ಬಾಯಿಗೆ ಯಾರು ಎದುರು.

ಆದರೆ ನಿಮ್ಮ ಬಿಷಪ್ಪನಿಗೆ ಕೆಚ್ಚಲಿತ್ತು.

ನಾನು ಮೊದಲ ದಿನವೇ ನೋಡಿದ್ದೆ. ಹಳ್ಳಿಯವರಿಗೆ ಅದನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ಗಡ್ಡ ಇದ್ದದ್ದೆಲ್ಲ ಗಂಡು ಅಂತ ತಿಳಿಯುವುದು ನಿಮ್ಮಂಥ ಪಟ್ಟಣದವರು ಮಾತ್ರ. ಹೇಳೋಣ ಅಂತ ಬಾಯಿ ತೆರೆದೆ. ನಿಮ್ಮೆಲ್ಲರ ಹಿಂದೆ ನಿಂತಿದ್ದ ಕೀತ್ ತುಟಿಯ ಮೇಲೆ ಬೆರಳಿಟ್ಟುಕೊಂಡು ತಲೆಯಾಡಿಸಿದ. ನ್ಯೂಜಿಲೆಂಡಿನಲ್ಲಿ ಅವನ ಅಪ್ಪನಿಗೆ ಮುನ್ನೂರು ಕುರಿ ಇದ್ದವಲ್ಲ, ಅವನಿಗೆ ಗೊತ್ತಿಲ್ಲದಿರುತ್ತದೆಯೇ. ಆಮೇಲೆ ಲೋಟ ತೊಳೆಯುವ ಕಡೆ ಬಂದು ಮೆಲ್ಲಗೆ ಹೇಳಿದ: "ಜೂಡಿ, ಇವ್ರಿಗೆ ಹೇಳ್ಬೇಡ. ಹೆಣ್ಣಷ್ಟೇ ಅಲ್ಲ, ಗಬ್ಬ ಬೇರೆ ಆಗಿದೆ. ಒಂದಿನ ಬೆಳಿಗ್ಗೆ ಬಿಷಪ್ಪ ಮರಿ ಹಾಕಿದಾಗ ಇವ್ರ ಮುಖ ನೋಡ್ಬೇಕು ನಾನು. ಅದನ್ನ ನೋಡೋಕಾದ್ರೂ ಅಲ್ಲಿವರ್ಗೂ ಬದುಕಿರ್ತೀನಿ."

ಆ ಹಳೇ ಕಂಬಳಿಯ ಅಂಗಿ ನೆನಪಿದೆಯೇ? ಬಿಷಪ್ಪನಿಗೆ ಚಳಿಯಾಗುತ್ತದೆ ಅಂತ ಕೀತ್ ಹೊಲಿದು ಹಾಕಿ, ಮೇಲೆ ನಿಮ್ಮ ದಳದ ಗುರುತನ್ನು ಬಣ್ಣದಲ್ಲಿ ಬರೆದಿದ್ದನಲ್ಲ. ಅದು ಚಳಿಗಲ್ಲ. ಹಿಂದುಗಡೆ ಮೊಣಕಾಲಿನವರೆಗೆ ಇಳಿಬಿಟ್ಟಿದ್ದು ಹೊಟ್ಟೆಯೂ ಕೆಚ್ಚಲೂ ಕಾಣದಿರಲಿ ಅಂತ. "ಬಿಷಪ್ಪ ದಪ್ಪ ಆಗ್ತಿದಾನೆ, ನಮಗೆ ಮಾತ್ರ ಡಬ್ಬಿ ಮಾಂಸ" ಅಂತ ನೀವು ಗೊಣಗುವಾಗ ಕೀತ್ ನನ್ನ ಕಡೆ ನೋಡುತ್ತಿದ್ದ. ನಾನು ನಗು ಮುಚ್ಚಿಕೊಳ್ಳಲು ಕೆಟಲಿನ ಬಟ್ಟೆಯನ್ನು ಬಾಯಿಗೆ ಒತ್ತಿಕೊಳ್ಳುತ್ತಿದ್ದೆ. ಕೀತ್‌ಗೂ ನನಗೂ ನಡುವೆ ಇದ್ದದ್ದು ಈ ಒಂದು ಗುಟ್ಟು ಮಾತ್ರ. ನನಗಾಗಲೇ ವಿಸ್ತಿನ್ ಜೊತೆ ಮದುವೆಯ ಮಾತಾಗಿತ್ತು. ಅವರು ಆಗ ಫಿರಂಗಿಯ ಮೇಲೆ ಕೆಲಸದಲ್ಲಿದ್ದರು.

ಈಗ ಸಂತ ಅಂತೋನಿಯ ಹಬ್ಬದ ವಿಷಯಕ್ಕೆ ಬರುತ್ತೇನೆ. ಕಳೆದುಹೋದ ಸಾಮಾನು ಹುಡುಕಿಕೊಡುವ ಅಂತೋನಿಯಲ್ಲ, ನಮ್ಮ ಹಳೇ ಅಂತೋನಿ, ದನಕರುಗಳನ್ನು ಕಾಯುವವನು. ಜನವರಿ ಹದಿನೇಳಕ್ಕೆ ಗುಡ್ಡದ ಮೇಲಿನ ರಬಾತ್ ಊರಿನ ಇಗರ್ಜಿಯ ಬಾಗಿಲಿಗೆ ಸುತ್ತಲಿನವರೆಲ್ಲ ತಮ್ಮ ಕತ್ತೆ, ಆಡು, ಕುದುರೆ, ಕೋಳಿ ತೆಗೆದುಕೊಂಡು ಬರುತ್ತಾರೆ. ಪಾದ್ರಿ ತೀರ್ಥ ಚಿಮುಕಿಸಿ ಆಶೀರ್ವಾದ ಮಾಡುತ್ತಾರೆ. ಗಬ್ಬದ ಜೀವವನ್ನು ಯಾರೂ ಮನೆಯಲ್ಲಿ ಬಿಟ್ಟು ಬರುವುದಿಲ್ಲ. ಬಿಟ್ಟರೆ ಹೆರಿಗೆಗೆ ಕಷ್ಟ ಅಂತ ನಮ್ಮಜ್ಜಿ ಹೇಳುತ್ತಿದ್ದಳು. ಆ ವರ್ಷ ಬಾಂಬು ಬೀಳದ ದಿನವಿರಲಿಲ್ಲ. ಆದರೂ ಹಬ್ಬ ನಿಲ್ಲಿಸುವುದಿಲ್ಲ ಅಂತ ಡುನ್ ಸಾಲ್ವ್ ಪಾದ್ರಿಗಳು ಸಾರಿದ್ದರು.

ನನ್ನ ತಲೆಗೆ ಹೊಕ್ಕಿತು ನೋಡಿ. ಐದು ಜನರ ಪ್ರಾಣವನ್ನು ಈ ಪ್ರಾಣಿಯ ಕೊಂಬಿಗೆ ಕಟ್ಟಿದ್ದಾರೆ, ಹೆಸರು ಬೇರೆ ಬಿಷಪ್ಪ, ಅದಕ್ಕೆ ಒಂದು ಹನಿ ತೀರ್ಥವೂ ಬಿದ್ದಿಲ್ಲ. ಆಶೀರ್ವಾದವಾದರೆ ನೀವು ಮುಟ್ಟುವ ಕೊಂಬಿನಲ್ಲಿ ದೇವರದ್ದೂ ಒಂದು ಪಾಲು ಇರುತ್ತದೆ. ಅದೇ ನನ್ನ ಲೆಕ್ಕ. ಐದೂವರೆಗೆ ಹೊರಟರೆ ಎಂಟೂವರೆಗೆ ವಾಪಸು. ಮಳೆ ಸುರಿದು ಬಯಲೆಲ್ಲ ಕೆಸರಾಗಿತ್ತು, ಹತ್ತರವರೆಗೆ ವಿಮಾನ ಏಳುವುದಿಲ್ಲ ಅಂತ ಹಿಂದಿನ ಸಂಜೆ ನೀವೇ ಮಾತಾಡಿಕೊಂಡಿದ್ದಿರಿ. ಕೀತ್‌ಗೂ ನಿಮಗೂ ಮಧ್ಯಾಹ್ನದ ಪಾಳಿ. ಬೆಳಕು ಹರಿಯುವ ಮೊದಲೇ ಬಂದೆ. ಕಂಬದ ಹತ್ತಿರ ಯಾರೂ ಇರಲಿಲ್ಲ. ಗಂಟು ಬಿಚ್ಚಿದೆ, ಹಗ್ಗ ಹಿಡಿದೆ, ಬೇಲಿಯ ಕಿಂಡಿಯಿಂದ ಹೊರಟೆ.

ರಬಾತಿನ ಏರು ಹತ್ತುವಾಗ ಬಿಷಪ್ಪ ಹೆಜ್ಜೆಗೊಮ್ಮೆ ನಿಂತು ಏದುಸಿರು ಬಿಡುತ್ತಿತ್ತು. ಇಗರ್ಜಿಯ ಮುಂದೆ ಆಗಲೇ ಉದ್ದ ಸಾಲು. ನನ್ನ ಮುಂದೆ ಗಾಡಿಯ ಸ್ಪಿರು ತನ್ನ ಕತ್ತೆಯೊಂದಿಗೆ ನಿಂತಿದ್ದ. ಅಂಗಿ ಹಾಕಿಕೊಂಡ ಆಡನ್ನು ನೋಡಿ ಅವನ ಬಾಯಿ ಸುಮ್ಮನಿರುತ್ತದೆಯೇ.

"ಓಹೋ, ಅಮ್ಮಾವ್ರು ಸೈನ್ಯಕ್ಕೆ ಸೇರವ್ರೆ! ಡುನ್ ಸಾಲ್ವ್, ಇದಕ್ಕೆ ಇಂಗ್ಲಿಷ್ನಾಗೆ ಆಶೀರ್ವಾದ ಮಾಡಿ, ನಮ್ಮ ಮಾತು ತಿಳಿಯಾಕಿಲ್ಲ."

"ನಿನ್ನ ಕತ್ತೆಗೆ ತಿಳಿಯುತ್ತಲ್ಲಪ್ಪ, ಮನೇಲಿ ಒಬ್ರಾದ್ರೂ ತಿಳಿದೋರು ಇರ್ಲಿ" ಅಂದೆ. ಸಾಲೆಲ್ಲ ನಕ್ಕಿತು.

ನನ್ನ ಸರದಿ ಬಂತು. ಡುನ್ ಸಾಲ್ವ್ ಮುದುಕರು, ಕಣ್ಣು ಮಂಜು. ಆಡಿನ ತಲೆಯ ಮೇಲೆ ಕೈಯಿಟ್ಟು, "ಏನು ಹೆಸರಿಟ್ಟಿದೀಯ ಮಗಳೇ?" ಅಂದರು. ಅವರ ಮುಖ ನೋಡಿಕೊಂಡು ಬಿಷಪ್ ಅನ್ನಲು ನಾಲಗೆ ಏಳಲಿಲ್ಲ. "ಗ್ರಾಸ್ಯಾ" ಅಂದೆ. ಪಾದ್ರಿಯ ಮುಂದೆ, ಇಗರ್ಜಿಯ ಹೊಸ್ತಿಲಲ್ಲಿ ಸುಳ್ಳು. ಆ ದಿನದ ನನ್ನ ಮೊದಲ ಸುಳ್ಳು ಅದು.

ತೀರ್ಥ ಬಿದ್ದಿತ್ತು, ಇನ್ನೂ ಮೆಟ್ಟಿಲು ಇಳಿದಿರಲಿಲ್ಲ, ಸೈರನ್ ಕೂಗಿತು. ಕತ್ತೆ, ಕುದುರೆ, ಜನ ಎಲ್ಲ ಒಟ್ಟಿಗೆ ನೆಲದಡಿಯ ಹಳೇ ಸಮಾಧಿಗಳ ಗುಹೆಗೆ ನುಗ್ಗಿದೆವು. ತಪ್ಪಿಸಿಕೊಂಡು ಕೆಳಗೆ ಬಯಲಿಗೆ ಓಡೋಣ ಅಂತ ಹಗ್ಗ ಎಳೆದೆ. ಬಿಷಪ್ಪ ಗೋಡೆಗೆ ಒರಗಿ ಕಾಲು ಮಡಿಸಿತು. ಅದರ ಕೂಗು ಕೇಳಿದ ಕೂಡಲೇ ಪಕ್ಕದಲ್ಲಿದ್ದ ಸೂಲಗಿತ್ತಿ ಮರುಜ್ಜಾ ಕೂತಲ್ಲಿಂದಲೇ ಅಂದಳು: "ಲೇ ಹುಡುಗಿ, ಅದರ ಕೋಟು ಬಿಚ್ಚೇ! ಮರಿ ಹಾಕ್ತಾ ಇದೆ, ಮೆರವಣಿಗೆಗೆ ಹೊರಟಿಲ್ಲ."

ಮೇಲೆ ನೆಲ ನಡುಗುತ್ತಿತ್ತು, ಸುಣ್ಣದ ಪುಡಿ ನಮ್ಮ ತಲೆಯ ಮೇಲೆ ಉದುರುತ್ತಿತ್ತು. ಹೆಂಗಸರೆಲ್ಲ ಜಪಸರ ಹೇಳುತ್ತಿದ್ದರು. ನಡುನಡುವೆ ಮರುಜ್ಜಾ, "ದೇವಮಾತೆಯೇ, ನಮಗಾಗಿ ಪ್ರಾರ್ಥಿಸು, ಲೇ ಕಾಲು ಹಿಡ್ಕೊಳ್ಳೇ, ಈಗಲೂ ನಮ್ಮ ಮರಣದ ಗಳಿಗೆಯಲ್ಲೂ" ಅಂತ ಎರಡನ್ನೂ ಒಂದೇ ಉಸಿರಿನಲ್ಲಿ ಹೇಳುತ್ತಿದ್ದಳು. ಹೆರಿಗೆ ತಡವಾಯಿತು. ಮರಿ ಹೊರಬಂದಾಗ ಗುಹೆಯಲ್ಲಿದ್ದವರೆಲ್ಲ ಚಪ್ಪಾಳೆ ತಟ್ಟಿದರು. ನನಗಂತೂ ಯುದ್ಧವೇ ಮರೆತುಹೋಯಿತು. ಕೀತ್ ಮುಖ ಹೇಗಾಗಬಹುದು, ನಿಮ್ಮ ಮುಖ ಹೇಗಾಗಬಹುದು ಅಂತ ಅದೊಂದೇ ಯೋಚನೆ. ಮರಿಯನ್ನು ಆ ಅಂಗಿಯಲ್ಲೇ ಸುತ್ತಿ ಎದೆಗೆ ಅವಚಿಕೊಂಡು, ಹಾಡು ಹೇಳಿಕೊಂಡು ಇಳಿಜಾರು ಇಳಿದೆ.

ಬಯಲಿನ ಬಾಗಿಲಲ್ಲಿ ನಮ್ಮೂರಿನ ಕಾವಲಿನವನು ಸಿಕ್ಕಿದ. ಹಾಡು ನಿಲ್ಲಿಸು ಅಂದ. ಕೆಸರು ಲೆಕ್ಕಿಸದೆ ಪಾಳಿ ಇದ್ದವರು ಇಲ್ಲದವರು ಎಲ್ಲರನ್ನೂ ಮೇಲೆ ಕಳಿಸಿದ್ದರಂತೆ. ಐದು ವಿಮಾನ ಹೋದವು, ನಾಲ್ಕು ಬಂದವು. ಕೀತ್ ವಿಮಾನ ಫಿಲ್ಫ್ಲಾ ಬಂಡೆಯ ಆಚೆ ಸಮುದ್ರಕ್ಕೆ ಬಿದ್ದದ್ದನ್ನು ದೋಣಿಯವರು ನೋಡಿದ್ದರು. ಏನೂ ಸಿಗಲಿಲ್ಲ.

ನೀವು ಕಂಬದ ಹತ್ತಿರ ಕೆಸರಿನಲ್ಲೇ ಕುಳಿತಿದ್ದಿರಿ. "ನಾನು ಕಟ್ಟಿದ ಗಂಟು, ನಾನೇ ಕಟ್ಟಿದ್ದು" ಅಂತ ಅದನ್ನೇ ಹೇಳುತ್ತಿದ್ದಿರಿ. ನಾನು ಬಂದದ್ದನ್ನು ನೋಡಿ ಎದ್ದಿರಿ. ಎಲ್ಲಿ ಸಿಕ್ತು ಜೂಡಿ ಅಂತ ಕೇಳಿದಿರಿ.

"ದಾರೀಲಿ ಸಿಕ್ತು ಸಿನ್ಯೂರ್. ಕಲ್ಲುಗೋಡೆ ಹಿಂದೆ ಮರಿ ಹಾಕ್ಕೊಂಡು ಮಲಗಿತ್ತು."

ಅದು ಎರಡನೆಯ ಸುಳ್ಳು. ನೀವು ಮರಿಯ ಮುಖ ನೋಡಿದಿರಿ, ಬಿಷಪ್ಪನ ಕೆಚ್ಚಲು ನೋಡಿದಿರಿ. ಯಾರೂ ನಗಲಿಲ್ಲ. ಕೀತ್ ಅಷ್ಟು ತಿಂಗಳು ಕಾದಿದ್ದ ತಮಾಷೆ, ಅದನ್ನು ನೋಡಿ ನಗಬೇಕಾದವನೇ ಇರಲಿಲ್ಲ. ನೀವು ಜೇಬಿನಿಂದ ನಿಮ್ಮ ವಾರದ ಪಾಲಿನ ಚಾಕೊಲೇಟು ತೆಗೆದು, ಹುಡುಕಿ ತಂದದ್ದಕ್ಕೆ ಅಂತ ನನ್ನ ಕೈಗೆ ಕೊಟ್ಟಿರಿ. ನಾನು ಈಸಿಕೊಂಡೆ. ಮನೆಯಲ್ಲಿ ತಮ್ಮ ತಂಗಿಯರಿಗೆ ಹಂಚಿದೆ. ಅವತ್ತಿನಿಂದ ಇವತ್ತಿನವರೆಗೆ ಚಾಕೊಲೇಟು ನನ್ನ ಬಾಯಿಗೆ ಹೋಗಿಲ್ಲ. ಮಕ್ಕಳು ಅಮ್ಮನಿಗೆ ಸೇರುವುದಿಲ್ಲ ಅಂದುಕೊಂಡಿದ್ದಾರೆ.

ಯಾಕೆ ಹೇಳಲಿಲ್ಲ ಅಂತ ನೀವು ಕೇಳಬಹುದು. ಕೆಲಸ ಹೋಗುತ್ತಿತ್ತು. ಮನೆಯಲ್ಲಿ ಆರು ಮಕ್ಕಳು, ಅಪ್ಪನಿಗೆ ಕಲ್ಲು ಒಡೆಯುವ ಕೆಲಸ ನಿಂತುಹೋಗಿತ್ತು. ಮೊದಲ ದಿನ ಹೇಳದ ಮಾತು ಎರಡನೆಯ ದಿನ ಇನ್ನೂ ಭಾರವಾಯಿತು. ಮಾರ್ಚಿನಲ್ಲಿ ನಿಮ್ಮ ಕಾಲಿಗೆ ಪೆಟ್ಟಾಗಿ ಹಡಗು ಹತ್ತಿಸುವಾಗ ಹೇಳೋಣ ಅಂತಲೇ ಬಂದಿದ್ದೆ. ಸ್ಟ್ರೆಚರಿನ ಮೇಲಿಂದ, "ಬಿಷಪ್ಪ ನಿಂದು ಕಣೇ ಜೂಡಿ, ಯಾರಿಗೂ ಕೊಯ್ಯೋಕೆ ಬಿಡ್ಬೇಡ" ಅಂದಿರಿ. ಆಗಲಿ ಅಂದು ತಿರುಗಿ ಬಂದೆ.

ಬಿಡಲಿಲ್ಲ. ಆ ಬೇಸಿಗೆಯಲ್ಲಿ ತಿನ್ನಲು ಸಾಲದೆ ಆಡುಗಳನ್ನೆಲ್ಲ ಕೊಯ್ಯಲು ಸರಕಾರದ ಸಾರ್ವಜನಿಕ ಅಡುಗೆಮನೆಗೆ ಹಿಡಿದುಕೊಂಡು ಹೋದರು. ನಾನು ತಾಯಿ ಮರಿ ಎರಡನ್ನೂ ದಿಂಗ್ಲಿಯ ಬಂಡೆಯ ಗುಹೆಯಲ್ಲಿ ಬಚ್ಚಿಟ್ಟೆ. ತಮ್ಮಂದಿರಲ್ಲಿ ಚಿಕ್ಕವನು ಆಗ ಎಂಟು ತಿಂಗಳ ಕೂಸು. ಅಮ್ಮನ ಎದೆ ಬತ್ತಿತ್ತು. ಬಿಷಪ್ಪನ ಹಾಲನ್ನು ಚೆನ್ನಾಗಿ ಕುದಿಸಿ ಕುಡಿಸಿ ಅವನನ್ನು ಉಳಿಸಿಕೊಂಡೆವು. ಈಗ ಅವನು ಆಸ್ಟ್ರೇಲಿಯಾದಲ್ಲಿ ಬಸ್ಸು ಓಡಿಸುತ್ತಾನೆ, ಆರಡಿ ಎತ್ತರ. ಬೈಯುವಾಗ ನಾವು ಅವನನ್ನು ಬಿಷಪ್ಪನ ಮಗ ಅಂತಲೇ ಕರೆಯುವುದು.

ನನಗೆ ತಿಳಿದಷ್ಟು ಹೇಳುತ್ತೇನೆ. ಅವತ್ತು ನೀವೆಲ್ಲರೂ ಕೊಂಬು ಮುಟ್ಟದೆಯೇ ಹತ್ತಿದಿರಿ. ನಾಲ್ಕು ಜನ ಇಳಿದು ಬಂದಿರಿ. ಕೊಂಬಿನಲ್ಲಿ ಶಕ್ತಿ ಇದ್ದಿದ್ದರೆ ನಿಮ್ಮನ್ನು ಯಾರು ಇಳಿಸಿದರು? ಆಯುಸ್ಸು ದೇವರ ಕೈಯಲ್ಲಿದೆ, ಆಡಿನ ತಲೆಯ ಮೇಲಿಲ್ಲ. ಇದನ್ನು ಮನಸ್ಸಿಗೆ ದಿನಾ ಹೇಳುತ್ತೇನೆ. ಆದರೂ ಕೊಂಬಿನ ಮೇಲೆ ನಂಬಿಕೆ ಇದ್ದದ್ದು ನಿಮಗೆ, ಅದಕ್ಕೇ ಕಲ್ಲು ನಿಮ್ಮ ಎದೆಯ ಮೇಲೆ ಕೂತಿತು. ಅದನ್ನು ಎತ್ತಿ ಪಕ್ಕಕ್ಕಿಡುವ ಒಂದು ಮಾತು ನನ್ನ ಬಾಯಲ್ಲಿತ್ತು, ಮೂವತ್ತು ವರ್ಷ ನುಂಗಿಕೊಂಡು ಕುಳಿತೆ. ಆ ತಪ್ಪಿಗೆ ನನ್ನನ್ನು ಕ್ಷಮಿಸಿ.

ಮೊನ್ನೆ ಸೋಮವಾರ ಸಂತ ಅಂತೋನಿಯ ಹಬ್ಬವಾಯಿತು. ಈಗಿರುವ ಬಿಳಿ ಆಡನ್ನು ಕರೆದುಕೊಂಡು ಹೋಗಿದ್ದೆ. ಮರಿಯ ಮರಿ, ಅದರ ಮರಿ ಅಂತ ಎಣಿಸಿದರೆ ಹನ್ನೊಂದನೆಯ ತಲೆಮಾರು. ಗಡ್ಡ ಮಾತ್ರ ಹಾಗೆಯೇ. ಹೊಸ ಪಾದ್ರಿ ಚಿಕ್ಕ ವಯಸ್ಸಿನವರು. ಹೆಸರು ಕೇಳಿದರು. ಈ ಸಲ ಅವರ ಕಣ್ಣನ್ನೇ ನೋಡಿಕೊಂಡು, "ಬಿಷಪ್ಪ ಅಂತ, ಫಾದರ್" ಅಂದೆ. ಅವರು ನಗು ತಡೆಯಲಾರದೆ ತೀರ್ಥವನ್ನೆಲ್ಲ ನನ್ನ ಮೇಲೆಯೇ ಚೆಲ್ಲಿದರು. ಮನೆಗೆ ಬಂದು ಕಾಗದ ತೆಗೆದುಕೊಂಡೆ.

ಮೇ ತಿಂಗಳಲ್ಲಿ ಬನ್ನಿ. ಕೀತ್‌ಗೆ ಇಲ್ಲಿ ಸಮಾಧಿಯಿಲ್ಲ, ಆ ಕಲ್ಲು ಒಂದೇ. ನೀವಿಲ್ಲದೆ ಕೂರಿಸಿದರೆ ನನಗೆ ಆ ಇಗರ್ಜಿಯ ಒಳಗೆ ಕಾಲಿಡಲಾಗುವುದಿಲ್ಲ. ಉಳಿದವರ ಮುಂದೆ ಈ ಕಾಗದ ಓದಿದರೂ ನನ್ನದೇನೂ ಅಡ್ಡಿಯಿಲ್ಲ. ನಮ್ಮ ಮನೆಯಲ್ಲೇ ಇಳಿದುಕೊಳ್ಳಿ. ಮೊಣಕಾಲಿಗೆ ಮೆಟ್ಟಿಲಿಲ್ಲದ ಕೋಣೆ ಇದೆ. ಚಹಾ ಈಗಲೂ ನೀವು ಬೈಯುತ್ತಿದ್ದಷ್ಟೇ ಗಟ್ಟಿಯಾಗಿ ಮಾಡುತ್ತೇನೆ.

ನಿಮ್ಮ ಉತ್ತರದ ದಾರಿ ಕಾಯುವ, ನಿಮ್ಮ ಚಹಾದ ಹುಡುಗಿ,
ಜುದಿತ್ತಾ ಬುಸುತ್ತಿಲ್

21 ಜನವರಿ, ಶುಕ್ರವಾರ

ಮತ್ತೆ ಬರೆಯುತ್ತಿದ್ದೇನೆ. ಮೇಲಿನದನ್ನು ಲಕೋಟೆಗೆ ಹಾಕಿ ದೇವಮಾತೆಯ ಪಟದ ಕೆಳಗಿಟ್ಟು ಎರಡು ದಿನವಾಯಿತು. ಅಂಟಿಸಲು ಕೈ ಬರಲಿಲ್ಲ. ಪಾಪನಿವೇದನೆಗೆ ಹೋದಾಗಲೂ ನಾನು ಹೀಗೆಯೇ, ಅರ್ಧ ಹೇಳಿ ಎದ್ದು ಬರುತ್ತಿದ್ದೆ. ಉಳಿದರ್ಧ ಇದು.

ಅವತ್ತು ಕಂಬದ ಹತ್ತಿರ ಯಾರೂ ಇರಲಿಲ್ಲ ಅಂತ ಬರೆದೆ. ಸುಳ್ಳು. ಕೀತ್ ಇದ್ದ. ಹಿಂದಿನ ದಿನವೇ ಅವನಿಗೆ ಹೇಳಿದ್ದೆ, ಅವನೇ ಒಪ್ಪಿದ್ದ, ನನಗಿಂತ ಮೊದಲೇ ಬಂದು ನೆನೆದ ಕೋಟಿನಲ್ಲಿ ನಿಂತಿದ್ದ. ಗಂಟು ಬಿಚ್ಚಿದ್ದು ನಾನಲ್ಲ, ಅವನು. ಉಗುರಿನಿಂದ ಆಗಲಿಲ್ಲ, ಮಂಡಿಯೂರಿ ಹಲ್ಲಿನಿಂದ ಎಳೆದ. "ಹ್ಯೂ ಕಟ್ಟಿದ ಗಂಟು ಬಿಚ್ಚೋಕೆ ನಿಮ್ಮ ಸಂತನೇ ಇಳಿದು ಬರ್ಬೇಕು ಜೂಡಿ" ಅಂತ ಬೈದುಕೊಂಡ. ಆಮೇಲೆ ಬಿಷಪ್ಪನ ಎಡಗೊಂಬು ಮುಟ್ಟಿದ. "ಇದು ನನ್ನ ಇವತ್ತಿನ ಪಾಲು." ಇನ್ನೊಮ್ಮೆ ಮುಟ್ಟಿದ. "ಇದು ಹ್ಯೂದು. ಇನ್ನೂ ಗೊರಕೆ ಹೊಡೀತಾ ಬಿದ್ದಿದಾನೆ."

ಆಮೇಲೆ ಅದೇ ಕೈಯನ್ನು ನನ್ನ ಕೆನ್ನೆಯ ಮೇಲೆ ಇಟ್ಟ. ತಣ್ಣಗಿತ್ತು, ಆಡಿನ ವಾಸನೆ ಬರುತ್ತಿತ್ತು. ನಾನು ತಡವಾಗುತ್ತೆ ಅಂದೆ, ಹಗ್ಗ ಹಿಡಿದು ಹೊರಟೆ. ಅಷ್ಟೇ, ಅದಕ್ಕಿಂತ ಹೆಚ್ಚಿಲ್ಲ. ಹಗ್ಗ ಕೊಟ್ಟವನು ಯಾರು ಅಂತ ಹೇಳಿದ್ದರೆ ಆ ಹೊತ್ತಿನಲ್ಲಿ ಅಲ್ಲಿ ಏನು ಮಾಡುತ್ತಿದ್ದೆ ಅಂತ ಊರು ಕೇಳುತ್ತಿತ್ತು. ಅದು ಒಂದು ಕಾರಣ. ಇನ್ನೊಂದು, ಆ ಗಳಿಗೆ ನನ್ನೊಬ್ಬಳದೇ ಆಗಿರಲಿ ಅಂತ ನನ್ನ ಆಸೆ. ವಿಸ್ತಿನ್‌ಗೆ ನಿನ್ನೆ ಊಟದ ಹೊತ್ತಿನಲ್ಲಿ ಹೇಳಿದೆ. ರೊಟ್ಟಿಯ ಚೂರಿನಿಂದ ತಟ್ಟೆ ಒರೆಸಿ ತಿಂದರು. ಆಮೇಲೆ, "ಆ ಮನುಷ್ಯಂಗೆ ಪೂರ್ತಿ ಬರೆದು ಹಾಕೇ" ಅಂದು ಆಡಿಗೆ ಹುಲ್ಲು ಹಾಕಲು ಎದ್ದು ಹೋದರು.

ಬರಿಯ ಕಂಬದ ಹತ್ತಿರ ನಿಂತು ಅವನು ನಕ್ಕದ್ದು ನಿಮ್ಮನ್ನು ಮಲಗಲು ಬಿಡಲಿಲ್ಲ ಅಂದಿರಿ. ಬಿಷಪ್ಪ ಎಲ್ಲಿದೆ ಅಂತ ಅವನಿಗೆ ಗೊತ್ತಿತ್ತು ಸಿನ್ಯೂರ್ ಹ್ಯೂ. ಅವನು ಆಗಲೇ ಕೊಂಬು ಮುಟ್ಟಿಯಾಗಿತ್ತು, ನಿಮ್ಮ ಪಾಲನ್ನೂ ಸೇರಿಸಿ. ನಿಮ್ಮ ಗಂಟು ಗಟ್ಟಿಯಾಗಿತ್ತು. ಬನ್ನಿ.